ಬಕೆಟ್, ಚೀಲ, ಕೊಳವೆ: ಹಿತ್ತಿಲ ಮೇಪಲ್ ಮರಗಳ ರಸ ಹಿಡಿದು ಸಿರಪ್ ಕಾಯಿಸಿದ ನಾಲ್ಕು ವರ್ಷಗಳ ಹೋಲಿಕೆ

ಅಮೆರಿಕದ ವರ್ಮಾಂಟ್ ರಾಜ್ಯದ ಉತ್ತರ ಭಾಗದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಒಂಬತ್ತು ಷುಗರ್ ಮೇಪಲ್ ಮರಗಳೂ ಮೂರು ರೆಡ್ ಮೇಪಲ್ ಮರಗಳೂ ಇವೆ. ನಾಲ್ಕು ವರ್ಷಗಳಿಂದ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಅವುಗಳ ರಸ ಹಿಡಿದು ಮನೆಯಲ್ಲೇ ಸಿರಪ್ ಕಾಯಿಸುತ್ತಿದ್ದೇನೆ. ರಸ ಹಿಡಿಯುವ ಮೂರು ವಿಧಾನಗಳನ್ನೂ, ಅದನ್ನು ಬತ್ತಿಸುವ ಎರಡು ಬಗೆಯ ಒಲೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಯೋಗಿಸಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಯಾವ ವಿಧಾನದಲ್ಲಿ ಹೆಚ್ಚು ರಸ ಸಿಗುತ್ತದೆ ಎಂಬುದಕ್ಕಿಂತ, ಯಾವುದರಲ್ಲಿ ರಸ ತಣ್ಣಗಿದ್ದು, ಶುಚಿಯಾಗಿದ್ದು, ಬೇಗ ಒಲೆಯ ಮೇಲೆ ಬರುತ್ತದೆ ಎಂಬುದೇ ಮುಖ್ಯ.

ನಾನು ಮಲೆನಾಡಿನ ಸಾಗರದ ಕಡೆಯವನು. ಆಲೆಮನೆಯ ಕೊಪ್ಪರಿಗೆಯ ಪಕ್ಕದಲ್ಲಿ ಜೋನಿಬೆಲ್ಲಕ್ಕಾಗಿ ಕಾದು ಕುಳಿತು ಬೆಳೆದವನು. ಆದ್ದರಿಂದ ಇಲ್ಲಿಗೆ ಬಂದ ಮೊದಲ ವರ್ಷ ಈ ಕೆಲಸ ಸುಲಭವೆಂದು ಭಾವಿಸಿದ್ದೆ. ಆದರೆ ಕಬ್ಬಿನ ಹಾಲಿಗೂ ಮೇಪಲ್ ರಸಕ್ಕೂ ಬಹಳ ಅಂತರವಿದೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದು ಪಾಲಿಗೂ ಮೀರಿ ಸಿಹಿ ಇದ್ದರೆ, ಮರದಿಂದ ಆಗಷ್ಟೇ ತೊಟ್ಟಿಕ್ಕಿದ ಮೇಪಲ್ ರಸದಲ್ಲಿ ಇರುವುದು 2 ಪಾಲಿನ ಆಸುಪಾಸು ಮಾತ್ರ. ನೋಡಲು ತಿಳಿನೀರು, ಬಾಯಿಗೆ ಹಾಕಿದರೆ ಸಿಹಿ ಇದೆಯೋ ಇಲ್ಲವೋ ಎಂಬ ಅನುಮಾನ. ಇಲ್ಲಿಯವರು ಬಳಸುವ ಸರಳ ಲೆಕ್ಕವೊಂದಿದೆ: 86ನ್ನು ರಸದ ಸಕ್ಕರೆಯ ಶೇಕಡಾವಾರು ಪ್ರಮಾಣದಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್‌ಗೆ ಎಷ್ಟು ಲೀಟರ್ ರಸ ಬೇಕೆಂಬುದು ತಿಳಿಯುತ್ತದೆ. ಶೇ 2ರ ರಸವಾದರೆ 43 ಲೀಟರ್ ಬೇಕು. ಉಳಿದ 42 ಲೀಟರ್ ನೀರನ್ನು ಆವಿ ಮಾಡಿ ಕಳುಹಿಸುವುದೇ ಈ ಕಸುಬಿನ ಬಹುಪಾಲು ಶ್ರಮ.

ರಸ ಹರಿಯುವುದಕ್ಕೆ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವ ಬಿಸಿಲು ಎರಡೂ ಬೇಕು. ಚಳಿಗೆ ಮರದೊಳಗಿನ ರಸ ಮಂಜುಗಡ್ಡೆಯಾಗಿ, ಕೋಶಗಳಲ್ಲಿರುವ ಗಾಳಿ ಕುಗ್ಗಿ, ಮರವು ಬೇರಿನಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಗಲಿನಲ್ಲಿ ಅದು ಕರಗಿ ಗಾಳಿ ಹಿಗ್ಗಿದಾಗ ಒಳಗೆ ಒತ್ತಡ ಏರಿ, ತೂತು ಸಿಕ್ಕಲ್ಲಿ ರಸ ಹೊರಬರುತ್ತದೆ. ಹೋಲಿಕೆ ನ್ಯಾಯವಾಗಿರಲೆಂದು ಎಲ್ಲ ಮರಗಳಿಗೂ 8 ಮಿಲಿಮೀಟರ್ ಅಗಲದ, 4 ಸೆಂಟಿಮೀಟರ್ ಆಳದ ಒಂದೊಂದೇ ತೂತು ಕೊರೆದು, ಇಲ್ಲಿಯವರು ‘ಸ್ಪೈಲ್’ ಎಂದು ಕರೆಯುವ ಸಣ್ಣ ನಳಿಗೆಯನ್ನು ಹಗುರವಾಗಿ ಬಡಿದು ಕೂರಿಸಿದೆ. ಒಂಬತ್ತು ಷುಗರ್ ಮೇಪಲ್‌ಗಳಲ್ಲಿ ಮೂರಕ್ಕೆ ಲೋಹದ ಬಕೆಟ್, ಮೂರಕ್ಕೆ ಪ್ಲಾಸ್ಟಿಕ್ ಚೀಲ, ಮೂರಕ್ಕೆ ಕೊಳವೆ ಎಂದು ಹಂಚಿದೆ.

ಬಕೆಟ್ ಇವುಗಳಲ್ಲಿ ಹಳೆಯದು, ನೋಡಲು ಚೆಂದವಾದದ್ದು. ಪಕ್ಕದ ಮನೆಯ ಹಿರಿಯರು ತಮ್ಮ ಕೊಟ್ಟಿಗೆಯಲ್ಲಿದ್ದ ಹಳೆಯ ತಗಡಿನ ಬಕೆಟ್‌ಗಳನ್ನು ಪ್ರೀತಿಯಿಂದ ಕೊಟ್ಟರಾದರೂ, ಹಳೆಯ ಬಕೆಟ್‌ಗಳ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅವುಗಳನ್ನು ಹೂಕುಂಡಗಳಾಗಿ ಬಳಸಿ, ಮುಚ್ಚಳವಿರುವ ಅಲ್ಯೂಮಿನಿಯಂ ಬಕೆಟ್‌ಗಳನ್ನು ಕೊಂಡೆ. ಬಕೆಟ್‌ನ ದೊಡ್ಡ ಅನುಕೂಲವೆಂದರೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮುಂಜಾನೆ ಮುಚ್ಚಳ ತೆಗೆದರೆ ರಸದ ಮೇಲೆ ದೋಸೆಯಗಲದ ಮಂಜುಗಡ್ಡೆಯ ಬಿಲ್ಲೆ ತೇಲುತ್ತಿರುತ್ತದೆ. ಹೆಪ್ಪುಗಟ್ಟುವುದು ಹೆಚ್ಚಾಗಿ ನೀರೇ. ಸಕ್ಕರೆ ಕೆಳಗಿನ ದ್ರವದಲ್ಲೇ ಉಳಿಯುತ್ತದೆ. ಆ ಬಿಲ್ಲೆಯನ್ನು ಎತ್ತಿ ಎಸೆದರೆ ಸೌದೆ ಸುಡದೆಯೇ ಸ್ವಲ್ಪ ನೀರು ಕಳೆದಂತಾಗುತ್ತದೆ. ತೊಳೆಯುವುದೂ ಸುಲಭ. ತೊಂದರೆಯೆಂದರೆ ಲೋಹಕ್ಕೆ ಬಿಸಿಲು ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ರಸ ಬೆಚ್ಚಗಾಗುತ್ತದೆ, ಸಿಹಿಗೆ ಬರುವ ಪತಂಗಗಳು ಮುಚ್ಚಳದ ಸಂದಿಯಿಂದ ಒಳಗೆ ಬಿದ್ದಿರುತ್ತವೆ, ಮತ್ತು ಚೆನ್ನಾಗಿ ಹರಿಯುವ ದಿನ ಸಂಜೆ ಕೆಲಸದಿಂದ ಬರುವಷ್ಟರಲ್ಲಿ ತುಂಬಿ ಚೆಲ್ಲಿರುತ್ತದೆ.

ಪ್ಲಾಸ್ಟಿಕ್ ಚೀಲಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬೆಲೆ ಕಡಿಮೆ, ಮಳೆನೀರು ಒಳಗೆ ಹೋಗುವುದಿಲ್ಲ, ಎಷ್ಟು ತುಂಬಿದೆ ಎಂದು ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಆದರೆ ಹತ್ತು ಲೀಟರ್ ತುಂಬಿದ ಚೀಲವನ್ನು ಮೊಣಕಾಲುದ್ದದ ಹಿಮದಲ್ಲಿ ನಿಂತು ಬಗ್ಗಿಸಿ ಸುರಿಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಎರಡನೆಯ ವರ್ಷ ಅಳಿಲುಗಳು ಎರಡು ಚೀಲಗಳನ್ನು ಕಚ್ಚಿ ತೂತು ಮಾಡಿದವು. ಆ ಎರಡು ಮರಗಳ ಒಂದು ದಿನದ ರಸ ಪೂರ್ತಿ ನೆಲದ ಪಾಲಾಯಿತು. ಮೂರನೆಯ ವರ್ಷಕ್ಕೆ ಚೀಲಗಳನ್ನು ಕೈಬಿಟ್ಟೆ.

ಕೊಳವೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿನ ದೊಡ್ಡ ತೋಟಗಳೆಲ್ಲ ನಡೆಯುವುದು ಅದರ ಮೇಲೆಯೇ. ಸಾವಿರಾರು ಮರಗಳಿಂದ ಹೊರಟ ಸಣ್ಣ ಕೊಳವೆಗಳು ದೊಡ್ಡ ಕೊಳವೆಗೆ ಸೇರಿ, ನಿರ್ವಾತ ಪಂಪಿನ ಎಳೆತದಿಂದ ರಸವು ನೇರವಾಗಿ ಕಾಯಿಸುವ ಮನೆಗೆ ಬರುತ್ತದೆ. ಅಂಡರ್‌ಹಿಲ್‌ನಲ್ಲಿರುವ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಒಂದು ನಳಿಗೆಯೊಳಗೆ ಸಣ್ಣ ಗೋಲಿಯಿದ್ದು, ರಸ ಹಿಂದಕ್ಕೆ ಮರದೊಳಗೆ ಹೋಗದಂತೆ ಅದು ತಡೆಯುತ್ತದೆ. ಹಿಂದಕ್ಕೆ ಹೋದ ರಸದೊಂದಿಗೆ ಸೂಕ್ಷ್ಮಜೀವಿಗಳು ತೂತು ಸೇರಿದರೆ ಮರವು ಗಾಯವನ್ನು ಬೇಗ ಮುಚ್ಚಿಕೊಂಡು ಹರಿವು ನಿಲ್ಲುತ್ತದೆ. ಈ ಒಂದು ಸಣ್ಣ ಗೋಲಿಯಿಂದ ಹರಿವಿನ ಕಾಲ ಹಿಗ್ಗುತ್ತದೆ. ಇದು ನಿಜಕ್ಕೂ ಜಾಣ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಪಂಪಿಲ್ಲದ ನನ್ನ ಮೂರು ಮರಗಳಿಗೆ ಕೊಳವೆ ಅಷ್ಟೇನೂ ಒದಗಲಿಲ್ಲ. ಇಳಿಜಾರಿನ ಉದ್ದಕ್ಕೂ ಎಳೆದು ಕೆಳಗಿನ ಡ್ರಮ್ಮಿಗೆ ಬಿಟ್ಟ ಸಾಲು ಎಲ್ಲಿಯಾದರೂ ಒಂದು ಕಡೆ ಜೋತು ಬಿದ್ದರೆ ಅಲ್ಲಿ ರಸ ನಿಲ್ಲುತ್ತದೆ. ನಿಂತದ್ದು ಬಿಸಿಲಿಗೆ ಬೆಚ್ಚಗಾಗುತ್ತದೆ. ಎರಡನೆಯ ವರ್ಷದ ಮಾರ್ಚ್ ನಡುವಿನಲ್ಲಿ ಹಗಲಿನ ತಾಪಮಾನ ಮೂರು ದಿನ 12 ಡಿಗ್ರಿಗೆ ಏರಿದಾಗ, ವಾರಾಂತ್ಯಕ್ಕೆ ಒಟ್ಟಿಗೆ ಕಾಯಿಸೋಣವೆಂದು ಡ್ರಮ್ಮಿನಲ್ಲಿ ಬಿಟ್ಟಿದ್ದ ರಸ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಚೆಲ್ಲಲು ಮನಸ್ಸು ಬಾರದೆ ಕಾಯಿಸಿದೆ. ಬಂದದ್ದು ಕಪ್ಪಗಿನ, ಲೋಳೆಯಂತೆ ಎಳೆಯೆಳೆಯಾಗಿ ಇಳಿಯುವ, ಹುಳಿ ವಾಸನೆಯ ಪಾಕ, ಅದನ್ನು ಚೆಲ್ಲಲೇಬೇಕಾಯಿತು. ಮೇಪಲ್ ರಸವನ್ನು ಕರೆದ ಹಾಲೆಂದೇ ತಿಳಿಯಬೇಕು. ಅದೇ ದಿನ ಕರೆದ ಬಕೆಟ್‌ನ ರಸವನ್ನು ಅಂದೇ ಕಾಯಿಸಿದ್ದರಿಂದ ಸಿಕ್ಕ ಸಿರಪ್ ಜೇನಿನ ಬಣ್ಣದ್ದಾಗಿತ್ತು.

ನಾಲ್ಕನೆಯ ವರ್ಷ ಎರಡರ ಗುಣವನ್ನೂ ಕೂಡಿಸಿದೆ. ಪ್ರತಿ ಮರದ ನಳಿಗೆಗೆ ಒಂದು ಮೀಟರಿಗಿಂತ ಕಡಿಮೆ ಉದ್ದದ ಕೊಳವೆ ಸಿಕ್ಕಿಸಿ, ಅದನ್ನು ಮರದ ಬುಡದಲ್ಲಿಟ್ಟ, ಆಹಾರಕ್ಕೆ ಯೋಗ್ಯವಾದ 20 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್‌ಗೆ ಇಳಿಸಿ, ಸುತ್ತ ಹಿಮವನ್ನು ಒತ್ತಾಗಿ ತುಂಬಿದೆ. ರಸ ಸಂಜೆಯವರೆಗೂ ತಣ್ಣಗಿರುತ್ತದೆ, ಪತಂಗ ಬೀಳುವುದಿಲ್ಲ, ಒಂದು ದಿನದ ಹರಿವು ಚೆಲ್ಲದೆ ಹಿಡಿಯುತ್ತದೆ, ಗಾಳಿಗೆ ಅಲುಗಾಡುವುದಿಲ್ಲ. ಹತ್ತಿಪ್ಪತ್ತು ಮರಗಳಿರುವವರಿಗೆ ನಾನು ಹೇಳುವುದು ಇದನ್ನೇ. ನೂರಾರು ಮರ ಇರುವವರಿಗೆ ಉದ್ದದ ಕೊಳವೆ ಬಿಟ್ಟು ಬೇರೆ ದಾರಿಯಿಲ್ಲ.

ಇನ್ನು ಒಲೆಯ ವಿಷಯ. ಮೊದಲ ವರ್ಷ ಪ್ರೊಪೇನ್ ಗ್ಯಾಸಿನ ಬರ್ನರ್ ಮೇಲೆ ದುಂಡಗಿನ ಆಳದ ಪಾತ್ರೆ ಇಟ್ಟು ಕಾಯಿಸಿದೆ. ಹೊತ್ತಿಸುವುದು, ಆರಿಸುವುದು, ಉರಿ ತಗ್ಗಿಸುವುದು ಎಲ್ಲವೂ ಕೈಯಳತೆಯಲ್ಲಿತ್ತು. ಆದರೆ ಗಂಟೆಗೆ ನಾಲ್ಕೈದು ಲೀಟರ್‌ಗಿಂತ ಹೆಚ್ಚು ನೀರು ಹೋಗಲಿಲ್ಲ, ಮತ್ತು 20 ಪೌಂಡಿನ ಒಂದು ಸಿಲಿಂಡರ್ ಸುಮಾರು 70 ಲೀಟರ್ ರಸಕ್ಕೆ, ಅಂದರೆ ಎರಡು ಲೀಟರಿಗೂ ಕಡಿಮೆ ಸಿರಪ್‌ಗೆ ಮುಗಿಯಿತು. ಎರಡನೆಯ ವರ್ಷದಿಂದ ಕಾಂಕ್ರೀಟ್ ಇಟ್ಟಿಗೆಗಳ ಉದ್ದನೆಯ ಸೌದೆ ಒಲೆ ಕಟ್ಟಿ, ಅದರ ಮೇಲೆ ಮೂರು ಅಗಲ ಸ್ಟೀಲ್ ತಟ್ಟೆಗಳನ್ನು ಸಾಲಾಗಿ ಕೂರಿಸಿದ್ದೇನೆ. ಆವಿಯಾಗುವ ವೇಗ ಪಾತ್ರೆಯ ಆಳವನ್ನು ಅವಲಂಬಿಸಿಲ್ಲ, ಅಗಲವನ್ನು ಅವಲಂಬಿಸಿದೆ. ಈಗ ಗಂಟೆಗೆ 15 ಲೀಟರ್ ಆರಾಮವಾಗಿ ಹೋಗುತ್ತದೆ. ನಮ್ಮ ಆಲೆಮನೆಯ ಕೊಪ್ಪರಿಗೆ ಏಕೆ ಅಷ್ಟು ಅಗಲ ಎಂಬುದು ನನಗೆ ಆ ಒಲೆಯ ಮುಂದೆ ನಿಂತಾಗಲೇ ಅರ್ಥವಾಯಿತು. ನೊರೆ ಉಕ್ಕಿದರೆ ಒಂದು ಚೂರು ಬೆಣ್ಣೆ ಮುಟ್ಟಿಸಿದರೆ ಸಾಕು, ಕುಳಿತುಬಿಡುತ್ತದೆ.

ಆದರೆ ಕೊನೆಯ ಹಂತವನ್ನು ಸೌದೆಗೆ ಒಪ್ಪಿಸಬಾರದು. ರಸ ಹೊಂಬಣ್ಣಕ್ಕೆ ತಿರುಗಿ ದೊಡ್ಡ ಗುಳ್ಳೆಗಳು ಸಣ್ಣವಾಗತೊಡಗಿದಾಗ ಅದನ್ನು ಗ್ಯಾಸಿನ ಒಲೆಗೆ ವರ್ಗಾಯಿಸುತ್ತೇನೆ. ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೇರಿದರೆ ಸಿರಪ್ ಸಿದ್ಧ. ಗಾಳಿಯ ಒತ್ತಡದೊಂದಿಗೆ ಕುದಿಬಿಂದುವೂ ಬದಲಾಗುವುದರಿಂದ ಆ ದಿನವೇ ನೀರು ಕುದಿಸಿ ಅಳೆದುಕೊಳ್ಳಬೇಕು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ವರ್ಮಾಂಟ್‌ನ ನಿಯಮದ ಪ್ರಕಾರ 66.9 ಬ್ರಿಕ್ಸ್, ಅಂದರೆ ತೂಕದಲ್ಲಿ ಸುಮಾರು ಶೇ 66.9ರಷ್ಟು ಸಕ್ಕರೆಯ ಸಾಂದ್ರತೆ ಇರಬೇಕು. ಸೌಟನ್ನು ಎತ್ತಿ ಓರೆಯಾಗಿ ಹಿಡಿದರೆ ಸಿರಪ್ ಹನಿಹನಿಯಾಗಿ ಬೀಳದೆ, ಅಂಚಿನಲ್ಲಿ ಎರಡು ಹನಿಗಳು ಒಂದಕ್ಕೊಂದು ಕೂಡಿ, ಸಣ್ಣ ಪರದೆಯಂತೆ ಜಾರುತ್ತದೆ. ಅಮ್ಮ ಬೆರಳಿನಲ್ಲಿ ನೋಡುತ್ತಿದ್ದ ಎಳೆಪಾಕಕ್ಕಿಂತ ಒಂದು ಹೆಜ್ಜೆ ಹಿಂದಿನ ಹದ ಅದು. ಎರಡು ನಿಮಿಷ ಕಣ್ಣು ತಪ್ಪಿದರೆ ತಳ ಹಿಡಿಯುತ್ತದೆ. ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ರಸದ ಖನಿಜಾಂಶಗಳು ಸಣ್ಣ ಮರಳಿನಂತೆ ಬಾಟಲಿಯ ತಳದಲ್ಲಿ ನಿಲ್ಲುತ್ತವೆ.

ಮರಗಳ ನಡುವಿನ ಹೋಲಿಕೆಯನ್ನೂ ಹೇಳಬೇಕು. ನನ್ನ ಅಳತೆಯಲ್ಲಿ ಷುಗರ್ ಮೇಪಲ್‌ಗಳ ರಸ ಸರಾಸರಿ ಶೇ 2.4ರಷ್ಟು, ರೆಡ್ ಮೇಪಲ್‌ಗಳದ್ದು ಶೇ 1.6ರಷ್ಟು ಸಿಹಿ ಇತ್ತು. ಒಂದು ಲೀಟರ್ ಸಿರಪ್‌ಗೆ ಮೊದಲನೆಯದು 36 ಲೀಟರ್, ಎರಡನೆಯದು 54 ಲೀಟರ್ ರಸ ಬೇಡುತ್ತದೆ. ಸೌದೆಯ ರಾಶಿಯಲ್ಲಿ ಈ ಅಂತರ ಚೆನ್ನಾಗಿಯೇ ಕಾಣುತ್ತದೆ. ರುಚಿಯಲ್ಲಿ ನನಗೆ ಭೇದ ತಿಳಿಯಲಿಲ್ಲ. ಆದರೆ ರೆಡ್ ಮೇಪಲ್ ಬೇಗ ಮೊಗ್ಗೊಡೆಯುತ್ತದೆ, ಮೊಗ್ಗು ಉಬ್ಬಿದ ಮೇಲೆ ಬಂದ ರಸದಿಂದ ಸಿರಪ್‌ಗೆ ಹಿತವಲ್ಲದ ವಾಸನೆ ಬರುತ್ತದೆ. ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಪ್ರತಿ ಬೆಳಿಗ್ಗೆ ಆ ಮೂರು ಮರಗಳ ರೆಂಬೆಗಳನ್ನು ನೋಡುತ್ತೇನೆ. ತುದಿಗಳು ಕೆಂಪಾಗಿ ದಪ್ಪಗಾಗಿದ್ದರೆ ಅಂದೇ ನಳಿಗೆ ಕಿತ್ತು, ತೂತನ್ನು ಏನನ್ನೂ ತುರುಕದೆ ಹಾಗೆಯೇ ಬಿಡುತ್ತೇನೆ. ಮರ ಅದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷದ ತೂತು ಆ ಗಾಯದ ನೇರಕ್ಕೆ ಬಾರದಂತೆ, ಒಂದು ಗೇಣು ಪಕ್ಕಕ್ಕೆ ಸರಿದು, ತೊಗಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಬರುತ್ತೇನೆ. ಬೇಸಿಗೆಯ ಮಳೆಗೆ ಅದು ಅಳಿಸಿಹೋಗುವುದರಿಂದ ನೋಟ್‌ಬುಕ್ಕಿನಲ್ಲಿಯೂ ಮರದ ಚಿತ್ರ ಬರೆದು ದಾಖಲಿಸಿಡುತ್ತೇನೆ.