ಗಾಲಿಬ್ ಸಮಾಧಿ ನೋಡಲು ದೆಹಲಿಗೆ ಹೋಗುವವರ ಗಮನಕ್ಕೆ

ದೆಹಲಿಯ ನಿಜಾಮುದ್ದೀನ್ ಬಸ್ತಿ ಎಂಬ ಬಡಾವಣೆಯಲ್ಲಿರುವ ಉರ್ದು ಕವಿ ಮಿರ್ಜಾ ಗಾಲಿಬ್ ಸಮಾಧಿಯನ್ನು ನೋಡಲು ಪ್ರವೇಶ ಶುಲ್ಕವಿಲ್ಲ, ಗೈಡ್ ಬೇಕಿಲ್ಲ, ಗೋರಿಗೆ ಚಾದರ (ಬಟ್ಟೆಯ ಹೊದಿಕೆ) ಹೊದಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಳೆದ ಚಳಿಗಾಲದಲ್ಲಿ ತಂದೆಯವರೊಂದಿಗೆ ಅಲ್ಲಿಗೆ ಹೋದಾಗ ಈ ಮೂರರ ಹೆಸರಿನಲ್ಲಿಯೂ ನಮ್ಮಿಂದ ಹಣ ಕೇಳಿದರು.

ಮಥುರಾ ರಸ್ತೆಯಿಂದ ಗಲ್ಲಿಗೆ ತಿರುಗುತ್ತಿದ್ದಂತೆಯೇ ಒಬ್ಬಾತ ಜೊತೆಯಾದ. ಗಾಲಿಬ್ ಹೆಸರು ಕೇಳಿದ ಕೂಡಲೇ, ಮಜಾರ್ (ಸಮಾಧಿ) ದರ್ಗಾದ ಒಳಗಿದೆ, ತಾನೇ ತೋರಿಸುತ್ತೇನೆ ಎಂದು ಮುಂದೆ ನಡೆದ. ಇದು ಶುದ್ಧ ಸುಳ್ಳು. ದರ್ಗಾದ ಆವರಣದಲ್ಲಿ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಅವರ ಸಮಾಧಿಯ ಸಮೀಪದಲ್ಲಿರುವುದು 1325ರಲ್ಲಿ ತೀರಿಕೊಂಡ ಕವಿ ಅಮೀರ್ ಖುಸ್ರೋ ಅವರ ಗೋರಿ. 1869ರಲ್ಲಿ ತೀರಿಕೊಂಡ ಗಾಲಿಬರ ಸಮಾಧಿಯು ದರ್ಗಾ ತಲುಪುವ ಮೊದಲೇ, ಗಾಲಿಬ್ ಅಕಾಡೆಮಿಯ ಪಕ್ಕದಲ್ಲಿ, ಚೌಸಠ್ ಖಂಬಾ ಎಂಬ 64 ಕಂಬಗಳ ಅಮೃತಶಿಲೆಯ ಸ್ಮಾರಕದ ಮಗ್ಗುಲಲ್ಲಿದೆ. ಮತ್ತೊಬ್ಬ ಕವಿ ರಹೀಮನ ಗೋರಿಯೂ ಹತ್ತಿರದಲ್ಲೇ, ಮಥುರಾ ರಸ್ತೆಯ ಆಚೆ ಬದಿಗಿದೆ. ಅದಕ್ಕೆ ಮಾತ್ರ ಪುರಾತತ್ವ ಇಲಾಖೆಯ ಟಿಕೆಟ್ ಉಂಟು. ಕೂಗಳತೆಯಲ್ಲಿ ಮೂವರು ಕವಿಗಳು ಮಲಗಿರುವುದರಿಂದ ದೂರದಿಂದ ಬಂದವರಿಗೆ ಗೊಂದಲವಾಗುವುದು ಸಹಜ, ಆ ಗೊಂದಲವೇ ಇಂಥವರ ಬಂಡವಾಳ.

ಅಕಾಡೆಮಿಯ ಮುಂದೆಯೇ ಹಾದುಹೋದರೂ ಆತ ಅತ್ತ ತಿರುಗಿ ನೋಡಲಿಲ್ಲ. ಮುಂದೆ ಹೂವಿನಂಗಡಿಯೊಂದರ ಬಳಿ ಚಪ್ಪಲಿ ಬಿಡಿಸಿ, ಬೆಲೆ ಹೇಳದೆಯೇ ಗುಲಾಬಿಯ ಬುಟ್ಟಿ ಮತ್ತು ಚಾದರವನ್ನು ತಂದೆಯವರ ಕೈಗಿಟ್ಟರು. ಬೇಡವೆಂದರೆ, ಕೈಗೆ ಬಂದ ಹೂವನ್ನು ಹಿಂದಿರುಗಿಸುವುದು ಅಪಚಾರ ಎಂಬ ಉತ್ತರ. ಅಷ್ಟರಲ್ಲಿ ಇನ್ನೊಬ್ಬ, ಬಡವರ ಊಟಕ್ಕೆಂದು ಒಂದು ರಿಜಿಸ್ಟರ್ ತೆರೆದು ಹಿಡಿದ. ಅದರಲ್ಲಿ ದಾನಿಗಳ ಹೆಸರು, ಊರು, ಮುಂದೆ ಎರಡು ಸಾವಿರ, ಐದು ಸಾವಿರ ಎಂಬ ಮೊತ್ತಗಳಿದ್ದವು. ಆದರೆ ಹಲವು ಸಾಲುಗಳಲ್ಲಿ ಕೊನೆಯ ಸೊನ್ನೆ ಮಾತ್ರ ಬೇರೆ ಶಾಯಿಯಲ್ಲಿತ್ತು! ನೂರು ರೂಪಾಯಿ ಬರೆಯಲು ಹೊರಟ ತಂದೆಯವರನ್ನು, ಇಷ್ಟು ದೂರದಿಂದ ಬಂದು ಇಷ್ಟೇನಾ ಎಂದು ಎಲ್ಲರೆದುರು ಹಂಗಿಸಿದರು. ಚಪ್ಪಲಿ ಅವರ ವಶದಲ್ಲಿದ್ದುದರಿಂದ ಹೊರಟುಬಿಡುವುದೂ ಸುಲಭವಾಗಿರಲಿಲ್ಲ. ಹೂವಿಗೂ ಚಾದರಕ್ಕೂ ಕೇಳಿದಷ್ಟು ತೆತ್ತ ಮೇಲೆಯೇ ಅವು ಸಿಕ್ಕಿದ್ದು.

ಬಸ್ತಿಯವರೆಲ್ಲ ಹೀಗೆ ಎಂದು ಯಾರೂ ಭಾವಿಸಬಾರದು. ನಮಗೆ ಕೊನೆಗೆ ಸರಿಯಾದ ಜಾಗ ತೋರಿಸಿದ್ದು ಅದೇ ಗಲ್ಲಿಯ ಒಬ್ಬ ಚಹಾದವರು, ಅದೂ ತಾವಾಗಿ ಎದ್ದು ಬಂದು.

ಹೋಗುವವರು ಯಾರನ್ನಾದರೂ ಗಾಲಿಬ್ ಅಕಾಡೆಮಿ ಎಲ್ಲಿ ಎಂದು ಕೇಳಿದರೆ ಸಾಕು, ಸಮಾಧಿ ಎಲ್ಲಿ ಎಂದು ಕೇಳುವುದು ಬೇಡ. ಅಲ್ಲಿಂದ ಮುಂದೆ ದರ್ಗಾಕ್ಕೂ ಹೋಗುವುದಿದ್ದರೆ, ಚಪ್ಪಲಿಗಳನ್ನು ಹಾಕಿಕೊಳ್ಳಲು ಒಂದು ಚೀಲವನ್ನು ಜೊತೆಯಲ್ಲೇ ಒಯ್ಯಿರಿ, ದಾರಿಯಲ್ಲಿ ಯಾರ ವಶಕ್ಕೂ ಕೊಡಬೇಡಿ. ಹೂವು ಬೇಕೆನಿಸಿದರೆ ಬೆಲೆ ಕೇಳಿಯೇ ಕೈಗೆ ತೆಗೆದುಕೊಳ್ಳಿ. ದಾನ ಮಾಡುವ ಮನಸ್ಸಿದ್ದರೆ ಗಲ್ಲಿಯಲ್ಲಿ ಚಾಚಿದ ಪುಸ್ತಕಕ್ಕೆ ಹೆಸರು, ಊರು, ಫೋನ್ ನಂಬರ್ ಬರೆಯದೆ ಹುಂಡಿಗೆ ಹಾಕಿ. ಗುರುವಾರ ಸಂಜೆ ಕವ್ವಾಲಿಗೆಂದು ಜನ ಕಿಕ್ಕಿರಿಯುವುದರಿಂದ ವಯಸ್ಸಾದವರನ್ನು ಕರೆದೊಯ್ಯುವವರು ಬೇರೆ ದಿನ ಬೆಳಿಗ್ಗೆ ಹೋಗುವುದು ಮೇಲು.