ಹಳೇ ಕಂಪ್ಯೂಟರ್, ಹೊಸ ಟಿವಿ: ನಡುವೆ ಒಂದು ವಿಜಿಎ ಕನ್ವರ್ಟರ್

ನಮ್ಮ ಡೆಸ್ಕ್‌ಟಾಪ್ ಹಳೆಯದು, ಆದರೆ ಗಟ್ಟಿ. ಅದರ ಹಿಂಭಾಗದಲ್ಲಿ ಪರದೆಗೆ ಚಿತ್ರ ಕಳಿಸಲು ನೀಲಿ ಬಣ್ಣದ ಹಳೇ ಕಾಲದ ವಿಜಿಎ ಪೋರ್ಟ್ ಒಂದೇ ಇದೆ. 32 ಇಂಚಿನ ಟಿವಿಯಲ್ಲಿ ಇರುವುದು ಬರೀ ಎಚ್‌ಡಿಎಂಐ, ಅಂದರೆ ಚಿತ್ರ, ಧ್ವನಿ ಎರಡನ್ನೂ ಡಿಜಿಟಲ್ ಆಗಿ ತರುವ ಪೋರ್ಟ್. ಮದುವೆ, ನಾಮಕರಣದ ಡಿವಿಡಿಗಳನ್ನು ಟಿವಿಯಲ್ಲೇ ನೋಡಬೇಕು ಅಂತ ಮನೆಯವರ ಹಟ. ಅದಕ್ಕೇ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ವಿಜಿಎಯನ್ನು ಎಚ್‌ಡಿಎಂಐ ಮಾಡುವ ಈ ಕನ್ವರ್ಟರ್ ತಂದೆ. 500 ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸ್ ಬಂತು.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಯಾವುದರಿಂದ ಯಾವುದಕ್ಕೆ?" ಸರಿಯಾದ ಪ್ರಶ್ನೆ. ಇವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಹೊಸ ಲ್ಯಾಪ್‌ಟಾಪಿಗೆ ಹಳೇ ಪ್ರೊಜೆಕ್ಟರ್ ಜೋಡಿಸುವ ಕನ್ವರ್ಟರ್ ಬೇರೆ, ನಮಗೆ ಬೇಕಾದದ್ದು ಬೇರೆ. ನೋಡುವುದಕ್ಕೆ ಎರಡೂ ಬೆಂಕಿಪೊಟ್ಟಣದಷ್ಟೇ. ಸಣ್ಣ ಗುರುತು ಒಂದಿದೆ: 15 ಪಿನ್ನುಗಳು ಹೊರಗೆ ಚಾಚಿಕೊಂಡಿದ್ದರೆ ಅದು ಕಂಪ್ಯೂಟರಿಗೆ ಚುಚ್ಚುವಂಥದ್ದು, ಅಂದರೆ ನಮ್ಮದು.

ಇದಕ್ಕೆ ಎರಡು ಬಾಲ. ಒಂದು ಯುಎಸ್‌ಬಿ, ಇನ್ನೊಂದು 3.5 ಎಂಎಂ ಆಡಿಯೋ. ಯುಎಸ್‌ಬಿ ಸುಮ್ನೆ ಕೊಟ್ಟಿದ್ದಲ್ಲ. 1987ರಲ್ಲಿ ಐಬಿಎಂ ತಂದ ವಿಜಿಎ ಅನಲಾಗ್ ಸಿಗ್ನಲ್. ಅದನ್ನು ಡಿಜಿಟಲ್ ಮಾಡುವ ಚಿಪ್‌ಗೆ ಕರೆಂಟ್ ಬೇಕು. ಆ ವೈರ್ ಬಿಟ್ಟರೆ ಟಿವಿ 'ನೋ ಸಿಗ್ನಲ್' ಅನ್ನುತ್ತದೆ, ಅಷ್ಟೇ. ವಿಜಿಎಯಲ್ಲಿ ಧ್ವನಿಗೆ ಜಾಗವೇ ಇಲ್ಲ. ಹಾಗಾಗಿ ಆಡಿಯೋ ವೈರನ್ನು ಸಿಪಿಯು ಹಿಂದಿನ ಹಸಿರು ಜ್ಯಾಕಿಗೆ ಹಾಕಬೇಕು. ಸ್ಪೀಕರಿಗೆ ಹೋಗುತ್ತಿದ್ದ ಸದ್ದು ಹಾಗೇ ಟಿವಿಗೆ ಹೋಗುತ್ತದೆ, ವಿಂಡೋಸ್‌ನಲ್ಲಿ ಏನೂ ಬದಲಿಸಬೇಕಿಲ್ಲ. ಆದರೆ ವೈರ್ ತುಂಬಾ ಗಿಡ್ಡ. ಕಂಪ್ಯೂಟರಿನ ವಾಲ್ಯೂಮ್ ಜಾಸ್ತಿ ಇಟ್ಟು ಟಿವಿಯದ್ದು ಕಡಿಮೆ ಮಾಡಿದರೆ ಗುಂಯ್‌ ಅನ್ನುವ ಸದ್ದೂ ತಗ್ಗುತ್ತದೆ.

ಚಿತ್ರ ಹೇಗಿದೆ? ವಿಡಿಯೋಗೆ ಚೆನ್ನಾಗಿದೆ. ಅಕ್ಷರ ಮಾತ್ರ ಸ್ವಲ್ಪ ಮಬ್ಬು, ಎಕ್ಸೆಲ್ ಕೆಲಸಕ್ಕೆ ಬೇಡ. ಮೊದಲಿಗೆ ಟಾಸ್ಕ್‌ಬಾರ್ ಅರ್ಧ ಕಾಣಿಸುತ್ತಿರಲಿಲ್ಲ. ಟಿವಿ ಅಂಚನ್ನು ಕತ್ತರಿಸಿ ತೋರಿಸುತ್ತಿತ್ತು. ಟಿವಿ ಮೆನುವಿನಲ್ಲಿ ಚಿತ್ರದ ಅಳತೆಯನ್ನು 'ಜಸ್ಟ್ ಸ್ಕ್ಯಾನ್' ಮಾಡಿದ ಮೇಲೆ ಸರಿಹೋಯಿತು. ಕೆಲವು ಟಿವಿಗಳಲ್ಲಿ ಇದೇ 'ಸ್ಕ್ರೀನ್ ಫಿಟ್'. ಆದರೂ ಎಡಗಡೆ ನೂಲಿನಷ್ಟು ಕಪ್ಪು ಪಟ್ಟಿ ಉಳಿದಿದೆ. ಮಾನಿಟರಿನಲ್ಲಾದರೆ ಆಟೋ ಅಡ್ಜಸ್ಟ್ ಬಟನ್ ಇರುತ್ತದೆ, ಇಲ್ಲಿ ಅದೂ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಸ್ಕ್ರೂ ವಿಷಯಕ್ಕೆ. ವಿಜಿಎ ಕೇಬಲಿಗೆ ಎರಡು ಸ್ಕ್ರೂ ಇರುತ್ತವೆ ಅಲ್ವಾ, ಇದಕ್ಕೆ ಇಲ್ಲ. ದಪ್ಪ ಎಚ್‌ಡಿಎಂಐ ಕೇಬಲಿನ ಭಾರಕ್ಕೆ ಪ್ಲಗ್ ವಾಲುತ್ತದೆ. ಹಸಿರು ಬಣ್ಣದ ಪಿನ್ ಸರಿಯಾಗಿ ತಾಗದಿದ್ದರೆ ಇಡೀ ಪರದೆ ನೇರಳೆ! ಮುಹೂರ್ತದ ಹೊತ್ತಿಗೇ ಮದುಮಗ ನೇರಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಈಗ ಕೇಬಲನ್ನು ಮೇಜಿನ ಕಾಲಿಗೆ ಕಟ್ಟಿದ್ದೇನೆ.

ನಿಮ್ಮ ಸಿಪಿಯು ಹಿಂದೆ ಬಿಳಿ ಡಿವಿಐ ಪೋರ್ಟ್ (ಇದೂ ಪರದೆಗೆ ಚಿತ್ರ ಕಳಿಸುವಂಥದ್ದೇ) ಇದ್ದರೆ ಇದನ್ನು ಕೊಳ್ಳಲೇಬೇಡಿ. ಡಿವಿಐ-ಡಿ ಆಗಿದ್ದರೂ ಡಿವಿಐ-ಐ ಆಗಿದ್ದರೂ ಅದರಲ್ಲಿ ಡಿಜಿಟಲ್ ಸಿಗ್ನಲ್ ಇದೆ. ಸಾದಾ ಡಿವಿಐ-ಎಚ್‌ಡಿಎಂಐ ಕೇಬಲ್ ಸಾಕು, ಚಿತ್ರವೂ ಇದಕ್ಕಿಂತ ಸ್ವಚ್ಛ. ಇನ್ನು ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್ ತಗೊಳ್ಳಿ, ಚಿತ್ರ ಚೆನ್ನಾಗಿ ಬರುತ್ತದೆ ಅಂತ ಅಂಗಡಿಯಲ್ಲಿ ಒತ್ತಾಯ ಮಾಡುತ್ತಾರೆ. ಆ ದುಡ್ಡಲ್ಲಿ ಮಸಾಲೆ ದೋಸೆ ತಿಂದು ಬನ್ನಿ.