ಹೆಲ್ತ್ ಫಾಸೆಟ್, ಹಿಸುಕುವ ಬಾಟಲಿ, ಎನಿಮಾ ಬಲ್ಬ್: ಕೊಡಗಿನ ಮನೆಗೆ ಯಾವುದು?

ಮಡಿಕೇರಿಯಲ್ಲಿ ಮನೆ ಕಟ್ಟಿಸುತ್ತಿರುವ ಓದುಗರೊಬ್ಬರು ಶೌಚದ ನಂತರ ತೊಳೆದುಕೊಳ್ಳಲು ವಯಸ್ಸಾದ ತಾಯಿಗೂ ಹೊಂದುವ ಸಾಧನ ಯಾವುದೆಂದು ಕೇಳಿದ್ದಾರೆ.

ಮೂರೂ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ಫಾಸೆಟ್‌ಗೆ (ಕಮೋಡಿನ ಪಕ್ಕದ ಕೈ ಸ್ಪ್ರೇಗೆ) ಮಾತ್ರ ಪ್ಲಂಬರ್ ಕೂಲಿ ಸೇರುತ್ತದೆ.

ಕೊಡಗಿನಲ್ಲಿ ಮುಖ್ಯವಾದದ್ದು ಚಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಟ್ಯಾಂಕಿನ ನೀರು ಕೊರೆಯುತ್ತದೆ, ಫಾಸೆಟ್‌ನಿಂದ ಬರುವುದೂ ಅದೇ. ಬಾಟಲಿಗಾದರೆ ಹಂಡೆಯ ಉಗುರುಬೆಚ್ಚಗಿನ ನೀರು ತುಂಬಬಹುದು. ಬಾಣಂತಿಯರಿಗೆ, ಮೂಲವ್ಯಾಧಿಯಿಂದ ನೋಯುತ್ತಿರುವವರಿಗೆ ಅದೇ ಹಿತ. ಪ್ರಯಾಣಕ್ಕೂ ಸರಿ. ಆದರೆ ಸಂಧಿವಾತದ ಕೈಗೆ ಹಿಸುಕುವುದು ಕಷ್ಟ; ಅಂಥ ಹಿರಿಯರಿಗೆ ಹಗುರವಾಗಿ ಒತ್ತುವ ಫಾಸೆಟ್ ಮೇಲು. ಬಳಸಿದ ಮೇಲೆ ಗೋಡೆಯ ವಾಲ್ವ್ ಮುಚ್ಚಿದರೆ ಪೈಪು ಹೆಚ್ಚು ಕಾಲ ಬಾಳುತ್ತದೆ. ಮಹಿಳೆಯರು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಯೋನಿಯ ಒಳಗೆ ನೀರು ಹಾಯಿಸಬಾರದು.

ಎನಿಮಾ ಬಲ್ಬ್ ಎಂದರೆ ಗುದದೊಳಗೆ ನೀರು ಹಾಯಿಸುವ ರಬ್ಬರ್ ಬುರುಡೆ; ಅದು ನಿತ್ಯದ ಶುಚಿತ್ವಕ್ಕಲ್ಲ. ಆರೋಗ್ಯವಂತರ ಕರುಳಿಗೆ ಹೊರಗಿನ ತೊಳೆತ ಬೇಕಿಲ್ಲ. ಪದೇ ಪದೇ ನೀರು ಹಾಯಿಸಿದರೆ ದೇಹದ ಲವಣಗಳ ಸಮತೋಲನ ಕೆಡಬಹುದು, ಗುದದ ಒಳಪದರಕ್ಕೆ ಗಾಯವಾಗಬಹುದು. ತಾಯಿಗೆ ಮಲಬದ್ಧತೆ ಇದ್ದರೆ ವೈದ್ಯರು ಹೇಳಿದಾಗ ಮಾತ್ರ ಕೊಳ್ಳಿ. ಫಾಸೆಟ್‌ನ ನೀರನ್ನು ಗುದದೊಳಗೆ ಹಾಯಿಸುವುದಂತೂ ಬೇಡವೇ ಬೇಡ. ಅದರ ರಭಸ ಹಿಡಿತಕ್ಕೆ ಸಿಗುವುದಿಲ್ಲ.